ಸರ್ಪಗಂಧ: ಒಂದು ಬೇರು, ಹಲವು ಹೆಸರು

ಲಿಯೊನ್‌ಹಾರ್ಟ್ ರೌವೊಲ್ಫ್ ಭಾರತಕ್ಕೆ ಬಂದವನಲ್ಲ. ಜರ್ಮನಿಯ ಔಗ್ಸ್‌ಬರ್ಗ್ ಪಟ್ಟಣದ ಈ ವೈದ್ಯ 1573ರಲ್ಲಿ ಗಿಡಮೂಲಿಕೆಗಳನ್ನು ಹುಡುಕಿಕೊಂಡು ಪೂರ್ವದ ಕಡೆ ಹೊರಟ. ಅಲೆಪ್ಪೊ, ಬಾಗ್ದಾದ್, ಜೆರುಸಲೇಂ ಸುತ್ತಾಡಿ 1576ರಲ್ಲಿ ಊರಿಗೆ ಮರಳಿದ. 1582ರಲ್ಲಿ ಅಚ್ಚಾದ ಅವನ ಪ್ರವಾಸಕಥನವನ್ನು ಇಂದಿಗೂ ನೆನೆಯುವವರು ಹೆಚ್ಚಾಗಿ ಕಾಫಿಯ ಇತಿಹಾಸ ಬರೆಯುವವರು. ಅಲೆಪ್ಪೊದ ಜನ ಬೆಳಬೆಳಗ್ಗೆ ಕುಡಿಯುತ್ತಿದ್ದ ಶಾಯಿಯಂಥ ಕಪ್ಪು ಪಾನೀಯದ ಬಗ್ಗೆ ಯುರೋಪಿನಲ್ಲಿ ಮೊದಲು ಅಚ್ಚಾದ ವಿವರಣೆ ಅವನದು. ಅವನು ಸತ್ತು ನೂರು ವರ್ಷ ಕಳೆದ ಮೇಲೆ, 1703ರಲ್ಲಿ, ಶಾರ್ಲ್ ಪ್ಲೂಮಿಯೆ ಎಂಬ ಫ್ರೆಂಚ್ ಸನ್ಯಾಸಿ ಅಮೆರಿಕದ ದ್ವೀಪಗಳಲ್ಲಿ ಕಂಡ ಒಂದು ಗಿಡಕ್ಕೆ ಆ ಹಿರಿಯನ ನೆನಪಿಗಾಗಿ ‘ರೌವೊಲ್ಫಿಯಾ’ ಎಂದು ಹೆಸರಿಟ್ಟ. ಅಲ್ಲಿಂದ 174 ವರ್ಷಗಳ ನಂತರ, 1877ರಲ್ಲಿ, ನಮ್ಮ ಕಾಡಿನ ಸರ್ಪಗಂಧವೂ ಅದೇ ಕುಲಕ್ಕೆ ಸೇರಿದ್ದೆಂದು ತೀರ್ಮಾನವಾಗಿ ‘ರೌವೊಲ್ಫಿಯಾ ಸರ್ಪೆಂಟಿನಾ’ ಎಂಬ ಹೆಸರು ನಿಂತಿತು. ಅರಬ್ ನಾಡು ಸುತ್ತಿದ ಜರ್ಮನ್ ವೈದ್ಯ, ಅಮೆರಿಕದ ಗಿಡ, ಭಾರತದ ಬೇರು. ಈ ಮೂರಕ್ಕೂ ಒಂದಕ್ಕೊಂದು ಏನೇನೂ ಸಂಬಂಧವಿಲ್ಲ.

ಹೆಸರುಗಳಲ್ಲಿ ಇಂಥ ಅಡ್ಡಾದಿಡ್ಡಿ ಎಲ್ಲ ಗಿಡಗಳಿಗೂ ಇರುವಂಥದ್ದೇ. ಆದರೆ ಸರ್ಪಗಂಧದ ಕಥೆಯಲ್ಲಿ ಹೆಸರು ಕೇವಲ ಗುರುತಲ್ಲ. ಈ ಬೇರಿಗೆ ಯಾರು ಯಾವಾಗ ಏನೆಂದು ಹೆಸರಿಟ್ಟರು ಎಂದು ನೋಡುತ್ತ ಹೋದರೆ, ಇದರಿಂದ ಯಾರಿಗೆ ಕೀರ್ತಿ ಸಿಕ್ಕಿತು, ಯಾರು ಲೆಕ್ಕದಿಂದ ಬಿಟ್ಟುಹೋದರು ಎಂಬುದೂ ಕಾಣುತ್ತದೆ.

ಗಿಡ ನೋಡುವುದಕ್ಕೆ ಏನೂ ವಿಶೇಷವಿಲ್ಲ. ಮೊಣಕಾಲೆತ್ತರ, ಹೆಚ್ಚೆಂದರೆ ಸೊಂಟದೆತ್ತರ ಬೆಳೆಯುವ ಪುಟ್ಟ ಪೊದೆ. ಗೆಣ್ಣಿನ ಸುತ್ತ ಸಾಮಾನ್ಯವಾಗಿ ಮೂರು ಮೂರು ಎಲೆ. ಬಿಳಿ ಹೂವಿನ ಗೊಂಚಲು, ಅದರ ತೊಟ್ಟು ಮಾತ್ರ ಕೆಂಪು. ಮಾಗಿದಾಗ ಕಪ್ಪಾಗುವ ಪುಟ್ಟ ಹಣ್ಣು. ಮರಗಳ ನೆರಳಿನಲ್ಲಿ ಸದ್ದಿಲ್ಲದೆ ಬೆಳೆದಿರುತ್ತದೆ. ಹೂ ಬಿಡದಿದ್ದರೆ ತುಳಿದುಕೊಂಡೇ ಹೋಗಿಬಿಡಬಹುದು. ಮದ್ದಿರುವುದು ನೆಲದೊಳಗೆ, ಬೇರಿನಲ್ಲಿ, ಅದರಲ್ಲೂ ಹೆಚ್ಚಾಗಿ ಬೇರಿನ ತೊಗಟೆಯಲ್ಲಿ. ವಿಪರೀತ ಕಹಿ. ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿ, ಪಾತಾಳಗರುಡ ಎಂಬ ಹೆಸರುಗಳೂ ಉಂಟು. ಆದರೆ ಸಂಸ್ಕೃತದ ನಿಘಂಟುಗಳಲ್ಲಿ ‘ಪಾತಾಳಗರುಡಿ’ ಎಂದರೆ ಬೇಲಿಯ ಮೇಲೆ ಹಬ್ಬುವ ದಾಗಡಿ ಬಳ್ಳಿ. ಹಾವಿನ ವಿಷಕ್ಕೆ ಮದ್ದೆಂದು ಜನ ನಂಬಿದ ಗಿಡಗಳಿಗೆಲ್ಲ ಗರುಡನ ಹೆಸರು ಅಂಟಿಕೊಂಡಿದೆ. ಹಳೆಯ ವೈದ್ಯಗ್ರಂಥಗಳನ್ನು ಓದುವವರನ್ನು ಹೆಜ್ಜೆಹೆಜ್ಜೆಗೂ ಕಾಡುವ ತೊಡಕು ಇದು. ಪುಟದ ಮೇಲೆ ಹೆಸರಿರುತ್ತದೆ, ಆ ಹೆಸರಿನ ಹಿಂದೆ ಇರುವುದು ಯಾವ ಗಿಡ ಎಂಬುದು ತಿಳಿಯುವುದಿಲ್ಲ.

ಹಾವಿನ ನಂಟು ಮಾತ್ರ ಎಲ್ಲ ಕಡೆಯೂ ಇದೆ. 1563ರಲ್ಲಿ ಗೋವಾದಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಸಂವಾದರೂಪದ ಪುಸ್ತಕ ಭಾರತದ ನೆಲದಲ್ಲಿ ಮುದ್ರಣಗೊಂಡ ಮೊದಮೊದಲ ಪುಸ್ತಕಗಳಲ್ಲಿ ಒಂದು. ಅದರಲ್ಲಿ ಅವನು ಪೋರ್ಚುಗೀಸರು ‘ಹಾವಿನ ಮರ’ ಎಂದು ಕರೆಯುತ್ತಿದ್ದ ಬೇರಿನ ಬಗ್ಗೆ ಬರೆಯುತ್ತಾನೆ. ಮುಂಗುಸಿ ಹಾವಿನೊಡನೆ ಕಾದಾಡುವಾಗ ಈ ಗಿಡವನ್ನು ತಿಂದು ಶಕ್ತಿ ಪಡೆಯುತ್ತದೆ ಎಂಬ ಕಥೆಯೂ ಅಲ್ಲಿದೆ. ಅಲ್ಲಿನ ಗಿಡಗಳಲ್ಲಿ ಒಂದು ಸರ್ಪಗಂಧವೇ ಎಂಬುದು ಸಸ್ಯವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. ಡಚ್ಚರ ಕಡೆಯಿಂದ ಅಂಬೋನ್ ದ್ವೀಪದಲ್ಲಿದ್ದ ರುಂಫಿಯಸ್ ಇದನ್ನು ಲ್ಯಾಟಿನ್ನಿನಲ್ಲಿ ‘ಮುಂಗುಸಿ ಬೇರು’ ಎಂದೇ ಕರೆದ. ಸಂಸ್ಕೃತದ ‘ನಾಕುಲಿ’ ಎಂಬ ಹೆಸರೂ ನಕುಲ, ಅಂದರೆ ಮುಂಗುಸಿಯಿಂದಲೇ ಬಂದದ್ದು. ಗೋವಾದಿಂದ ಅಂಬೋನ್‌ವರೆಗೆ ಒಂದೇ ಕಥೆ ಸಮುದ್ರ ದಾಟಿಕೊಂಡು ಹೋಗಿದೆ. ಗಿಡದ ಹಿಂದೆ ಕಥೆ ಹೋಯಿತೋ, ಕಥೆಯ ಹಿಂದೆ ಗಿಡ ಹೋಯಿತೋ ಹೇಳುವುದು ಕಷ್ಟ. (ಬೇರು ಅರೆದು ಹಚ್ಚಿದರೆ ಹಾವಿನ ವಿಷ ಇಳಿಯುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಾವು ಕಚ್ಚಿದವರಿಗೆ ಬೇಕಾದದ್ದು ಆಸ್ಪತ್ರೆ ಮತ್ತು ವಿಷನಿರೋಧಕ ಚುಚ್ಚುಮದ್ದು.)

ಓರ್ತಾನಿಗಿಂತ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಕೊಚ್ಚಿಯ ‘ಹಾರ್ಟಸ್ ಮಲಬಾರಿಕಸ್’. ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ, 1678ರಿಂದ 1693ರ ನಡುವೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ 12 ಸಂಪುಟಗಳ ಗ್ರಂಥ ಅದು. ಅದರ ಆರನೆಯ ಸಂಪುಟದಲ್ಲಿ ಸರ್ಪಗಂಧದ ಚಿತ್ರವಿದೆ, ಹೆಸರು ಮಲಯಾಳದ್ದು. ಆ ಗ್ರಂಥ ಬೇರೆ ವಸಾಹತು ಗ್ರಂಥಗಳಂತಲ್ಲ. ಮಾಹಿತಿ ಕೊಟ್ಟವರ ಹೆಸರನ್ನು ಅದು ಉಳಿಸಿಕೊಂಡಿದೆ. ಈಳವ ವೈದ್ಯ ಇಟ್ಟಿ ಅಚ್ಯುತನ್ ತನ್ನ ಮನೆತನದ ಓಲೆಗರಿಗಳಿಂದ ಹೇಳಿದ್ದು ಎಂಬ ಪ್ರಮಾಣಪತ್ರ ಅವನದೇ ಲಿಪಿಯಲ್ಲಿ, 1675ರ ಏಪ್ರಿಲ್ ತಿಂಗಳ ತಾರೀಖಿನೊಂದಿಗೆ ಅದರಲ್ಲಿ ಅಚ್ಚಾಗಿದೆ. ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರ ಹೇಳಿಕೆ, ನಾಗರಿ ಲಿಪಿಯಲ್ಲಿ. ನಮ್ಮ ಕರಾವಳಿಯ ಕೊಂಕಣಿ ಮನೆಗಳ ಹಳಮೆಗೂ ಈ ಪುಟಗಳಿಗೂ ದೂರದ ನೆಂಟಸ್ತಿಕೆಯಿದೆ. ಆದರೆ ಕಾಡಿಗೆ ಹೋಗಿ ಗಿಡ ಕಿತ್ತು ತಂದವರ ಹೆಸರು ಅಲ್ಲಿಯೂ ಇಲ್ಲ.

ಇನ್ನು ನಮ್ಮದೇ ಶಾಸ್ತ್ರಗ್ರಂಥಗಳು. ಸರ್ಪಗಂಧದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು “ನಮ್ಮ ಚರಕನಿಗೆ ಬಿ.ಪಿ. ಸಾವಿರಾರು ವರ್ಷದ ಹಿಂದೆಯೇ ಗೊತ್ತಿತ್ತು” ಎನ್ನುತ್ತಾರೆ. ಹಾಗೆ ಹೇಳುವ ಉತ್ಸಾಹ ನನಗೆ ಅರ್ಥವಾಗುತ್ತದೆ, ಒಪ್ಪುವುದು ಕಷ್ಟ. ಹಳೆಯ ಸಂಹಿತೆಗಳಲ್ಲಿ ಸರ್ಪಗಂಧಾ, ನಾಕುಲಿ ಎಂಬ ಹೆಸರುಗಳು ವಿಷಚಿಕಿತ್ಸೆಯ ಸುತ್ತ ಬರುತ್ತವೆ. ಚರಕಸಂಹಿತೆಯ ಉನ್ಮಾದದ ಅಧ್ಯಾಯದಲ್ಲಿ ಮಹಾಪೈಶಾಚಿಕ ಘೃತ ಎಂಬ ಔಷಧೀಯ ತುಪ್ಪವೊಂದಿದೆ. ಅದಕ್ಕೆ ಹಾಕುವ ಇಪ್ಪತ್ತಕ್ಕೂ ಹೆಚ್ಚು ಮೂಲಿಕೆಗಳ ಸಾಲಿನಲ್ಲಿ ‘ಎರಡು ಬಗೆಯ ನಾಕುಲಿ’ ಎಂಬ ಮಾತು ಬರುತ್ತದೆ. ಆ ನಾಕುಲಿ ಇಂದಿನ ಸರ್ಪಗಂಧವೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೌದೆಂದೇ ಇಟ್ಟುಕೊಂಡರೂ ಇಪ್ಪತ್ತು ಬೇರುಗಳ ನಡುವೆ ಒಂದಾಗಿ ತುಪ್ಪದಲ್ಲಿ ಬೇಯುವುದು ಬೇರೆ, ಇದೊಂದನ್ನೇ ಕುಟ್ಟಿ ಪುಡಿ ಮಾಡಿ ಹುಚ್ಚು ಕೆರಳಿದವರಿಗೆ ಕೊಡುವುದು ಬೇರೆ.

ಬಿ.ಪಿ.ಯ ಮಾತಂತೂ ಕಾಲದ ಎಡವಟ್ಟು. ತೋಳಿಗೆ ಪಟ್ಟಿ ಸುತ್ತಿ ಪಾದರಸದಲ್ಲಿ ರಕ್ತದೊತ್ತಡ ಅಳೆಯುವ ಸಾಧನವನ್ನು ಇಟಲಿಯ ರೀವಾ-ರೋಚಿ ಮಾಡಿದ್ದು 1896ರಲ್ಲಿ. ಸ್ಟೆತಾಸ್ಕೋಪಿನಿಂದ ಆ ಸದ್ದು ಕೇಳಿ ಮೇಲಿನ ಕೆಳಗಿನ ಎರಡು ಅಂಕೆ ಹೇಳುವ ವಿಧಾನವನ್ನು ರಷ್ಯಾದ ಕೊರೊಟ್‌ಕಾಫ್ ತಿಳಿಸಿದ್ದು 1905ರಲ್ಲಿ. ಅದಕ್ಕೂ ಮುಂಚೆ ಜನರಿಗೆ ತಲೆಸುತ್ತು ಬರುತ್ತಿತ್ತು, ಲಕ್ವ ಹೊಡೆಯುತ್ತಿತ್ತು, ನಿದ್ದೆ ಹಾರಿಹೋಗುತ್ತಿತ್ತು, ‘ಬಿ.ಪಿ.’ ಎಂಬ ಕಾಯಿಲೆ ಯಾರಿಗೂ ಇರಲಿಲ್ಲ. ಅಳತೆ ಹುಟ್ಟಿದ ಮೇಲೆಯೇ ಆ ಹೆಸರು ಹುಟ್ಟಿತು.

ಹಾಗಾದರೆ ಈ ಒಂದು ಬೇರು ಮನಸ್ಸನ್ನು ತಣ್ಣಗೆ ಮಾಡುತ್ತದೆ ಎಂಬುದನ್ನು ಕಂಡುಕೊಂಡವರು ಯಾರು? ಕುರುಹುಗಳು ಕರೆದೊಯ್ಯುವುದು ಬಿಹಾರದ ಕಡೆಗೆ. ಅಲ್ಲಿ ಇದಕ್ಕೆ ‘ಪಾಗಲ್ ಕೀ ದವಾ’ ಎಂಬ ಹೆಸರು. ಹುಚ್ಚಿನ ಮದ್ದು. ಸಂಸ್ಕೃತದ ಸೊಗಸಿಲ್ಲ, ಪುರಾಣದ ಹಾವಿಲ್ಲ, ಮುಂಗುಸಿಯಿಲ್ಲ. ಅಂಗಡಿಗೆ ಹೋಗಿ ಕೇಳುವಾಗ ಬಾಯಿಗೆ ಬರುವ ಮಾತು ಅಷ್ಟೇ. ಇಪ್ಪತ್ತನೆಯ ಶತಮಾನದಲ್ಲಿ ಭಾರತದ ದೇಶೀಯ ಔಷಧಗಳನ್ನು ಪ್ರಯೋಗಾಲಯಕ್ಕೆ ತಂದ ರಾಮನಾಥ ಚೋಪ್ರಾ ಇನ್ನೊಂದು ವಿವರ ಕೊಡುತ್ತಾರೆ. ಬಿಹಾರದ ಬಡವರು ಮಕ್ಕಳನ್ನು ಮಲಗಿಸಲು ಈ ಬೇರನ್ನು ಬಳಸುತ್ತಿದ್ದರಂತೆ. ಈ ಸಾಲನ್ನು ಮೊದಲ ಸಲ ಓದಿದಾಗ ಮುಂದಕ್ಕೆ ಹೋಗಲಾಗಲಿಲ್ಲ. ಹಗಲೆಲ್ಲ ಕೂಲಿಗೆ ಹೋಗಬೇಕಾದ ತಾಯಿ, ಮನೆಯಲ್ಲಿ ಅಳುವ ಕೂಸು, ಎಷ್ಟು ತೇಯ್ದರೆ ನಿದ್ದೆ, ಎಷ್ಟಾದರೆ ಅಪಾಯ ಎಂದು ಅಂದಾಜು ತಿಳಿದ ಕೈ. ಔಷಧಿಯ ಪ್ರಮಾಣದ ಬಗೆಗಿನ ತಿಳಿವಳಿಕೆ ಎಂದರೆ ಇದೇ ಅಲ್ಲವೇ? ಯಾವ ಗ್ರಂಥವೂ ಆ ತಾಯಂದಿರಿಂದ ಪ್ರಮಾಣಪತ್ರ ಬರೆಸಿಕೊಂಡಿಲ್ಲ. ಅವರು ಉಳಿಸಿಹೋದದ್ದು ಬಜಾರಿನ ಒಂದು ಹೆಸರು ಮಾತ್ರ.

ಆ ಬಜಾರಿನಿಂದ ಬೇರು ದೆಹಲಿಯ ಪ್ರಯೋಗಾಲಯಕ್ಕೆ ಬಂದ ಬಗೆಗೆ ಸ್ವಾತಂತ್ರ್ಯ ಚಳವಳಿಯ ಸೆಳಕು ಇದೆ. ಹಕೀಂ ಅಜ್ಮಲ್ ಖಾನ್ ದೆಹಲಿಯ ಹೆಸರಾಂತ ಯುನಾನಿ ವೈದ್ಯರು. 1921ರಲ್ಲಿ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದವರು. ಆಯುರ್ವೇದ ಮತ್ತು ಯುನಾನಿ ಎರಡನ್ನೂ ಒಂದೇ ಸೂರಿನಡಿ ಕಲಿಸುವ ತಿಬ್ಬಿಯಾ ಕಾಲೇಜನ್ನು ಕಟ್ಟಿದರು. ಅದರ ಅಡಿಗಲ್ಲು ಹಾಕಿದ್ದು ವೈಸ್‌ರಾಯ್ ಹಾರ್ಡಿಂಜ್. 1921ರ ಫೆಬ್ರವರಿ 13ರಂದು ಉದ್ಘಾಟಿಸಿದ್ದು ಗಾಂಧೀಜಿ. ಐದು ವರ್ಷದ ಅಂತರದಲ್ಲಿ ದೇಶ ಎಲ್ಲಿಂದ ಎಲ್ಲಿಗೆ ಬಂದಿತ್ತು ಎಂಬುದಕ್ಕೆ ಈ ಎರಡು ಹೆಸರು ಸಾಕು. ಆಸ್ಪತ್ರೆ, ಔಷಧಗಳ ಬಗ್ಗೆ ಗಾಂಧೀಜಿಗಿದ್ದ ಅನುಮಾನ ‘ಹಿಂದ್ ಸ್ವರಾಜ್’ ಓದಿದವರಿಗೆಲ್ಲ ಗೊತ್ತು. ಅಂದಿನ ಭಾಷಣದಲ್ಲೂ ಅವರು ಅದನ್ನು ಮುಚ್ಚಿಡಲಿಲ್ಲ. ಆದರೆ ಆಧುನಿಕ ವಿಜ್ಞಾನಿಗಳ ಶೋಧನೆಯ ಹಂಬಲಕ್ಕೆ ಗೌರವ ಸಲ್ಲಿಸಿ, ನಮ್ಮ ವೈದ್ಯರಲ್ಲಿ, ಹಕೀಮರಲ್ಲಿ ಅದು ಕಾಣುತ್ತಿಲ್ಲ ಎಂದೂ ಹೇಳಿದರು. ಸನ್ಮಾನದ ವೇದಿಕೆಯಲ್ಲಿ ಮನೆಯವರ ಮುಖಕ್ಕೇ ಇಂಥ ಮಾತಾಡುವುದು ಅವರಿಗಷ್ಟೇ ಸಾಧ್ಯವಿತ್ತೇನೋ.

ಅಜ್ಮಲ್ ಖಾನರಿಗೂ ಅದೇ ಕೊರಗು ಇತ್ತು. ಸಲೀಮುಜ್ಜಮಾನ್ ಸಿದ್ದೀಕಿ ಎಂಬ ತರುಣ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಗ ಹಣ ಕಳಿಸಿ ಬೆಂಬಲಿಸಿದವರು ಅವರೇ. ಸಿದ್ದೀಕಿ ರಸಾಯನ ವಿಜ್ಞಾನಿಯಷ್ಟೇ ಅಲ್ಲ, ಚಿತ್ರಕಾರನೂ ಹೌದು. ಫ್ರಾಂಕ್‌ಫರ್ಟಿನಲ್ಲೇ ತನ್ನ ಚಿತ್ರಗಳ ಪ್ರದರ್ಶನ ಏರ್ಪಡಿಸಿದ್ದವರು. ಓದು ಮುಗಿಸಿ ಅವರು ದೆಹಲಿಗೆ ಬರುವ ಹೊತ್ತಿಗೆ ಅಜ್ಮಲ್ ಖಾನ್ ಇರಲಿಲ್ಲ. 1927ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದರು. ಅವರು ಕನಸಿದ ಸಂಶೋಧನಾ ಸಂಸ್ಥೆಯಲ್ಲಿ ಸಿದ್ದೀಕಿ ಕೈಗೆತ್ತಿಕೊಂಡ ಬೇರು ಇದು. 1931ರಲ್ಲಿ ಅವರೂ ರಫತ್ ಹುಸೇನ್ ಸಿದ್ದೀಕಿಯವರೂ ಸರ್ಪಗಂಧದಿಂದ ಹಲವು ಆಲ್ಕಲಾಯ್ಡ್‌ಗಳನ್ನು, ಅಂದರೆ ಗಿಡದ ಕಹಿಯೊಳಗೆ ಅಡಗಿರುವ ಸಾರಜನಕಯುಕ್ತ ಪದಾರ್ಥಗಳನ್ನು, ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಮುಖ್ಯವಾದದ್ದಕ್ಕೆ ಇಟ್ಟ ಹೆಸರು ‘ಅಜ್ಮಲಿನ್’.

ಈ ಬೇರಿನ ಕಥೆಯಲ್ಲಿ ಬರುವ ಎಲ್ಲ ನಾಮಕರಣಗಳಲ್ಲಿ ನನಗೆ ಹತ್ತಿರವಾದದ್ದು ಇದು. ರೌವೊಲ್ಫ್‌ನ ಹೆಸರು ಆಕಸ್ಮಿಕ. ಅಜ್ಮಲಿನ್ ಎಂಬುದು ಋಣದ ಹೆಸರು. ಇಂದು ಯುರೋಪಿನ ಹೃದ್ರೋಗ ಆಸ್ಪತ್ರೆಗಳಲ್ಲಿ ‘ಅಜ್ಮಲಿನ್ ಪರೀಕ್ಷೆ’ ಎಂಬುದೊಂದಿದೆ. ಹಠಾತ್ ಸಾವಿಗೆ ಕಾರಣವಾಗುವ ಬ್ರುಗಾಡಾ ಎಂಬ ಹೃದಯದ ತೊಂದರೆ ಇಸಿಜಿಯಲ್ಲಿ ಮರೆಯಾಗಿದ್ದರೆ, ಈ ಔಷಧಿಯನ್ನು ರಕ್ತಕ್ಕೆ ಬಿಟ್ಟು ಅದನ್ನು ಬಯಲಿಗೆ ತರುತ್ತಾರೆ. ಸೂಜಿ ಚುಚ್ಚುವ ಎಷ್ಟು ವೈದ್ಯರಿಗೆ ಅದು ದೆಹಲಿಯ ಒಬ್ಬ ಹಕೀಮರ ಹೆಸರೆಂದು ಗೊತ್ತಿರುತ್ತದೋ. ದೇಶ ಒಡೆದ ಮೇಲೆ, 1951ರಲ್ಲಿ, ಸಿದ್ದೀಕಿ ಪಾಕಿಸ್ತಾನಕ್ಕೆ ಹೋದರು. ಅಲ್ಲಿನ ವೈಜ್ಞಾನಿಕ ಸಂಸ್ಥೆಗಳನ್ನು ಕಟ್ಟಿ 1994ರಲ್ಲಿ ಕರಾಚಿಯಲ್ಲಿ ತೀರಿಕೊಂಡರು. ಹಾಗಾಗಿ ಸರ್ಪಗಂಧದ ಬಗ್ಗೆ ಹೆಮ್ಮೆಯಿಂದ ಬರೆಯುವ ನಮ್ಮ ಎಷ್ಟೋ ಲೇಖನಗಳಲ್ಲಿ ಅವರಿಗೆ ಒಂದು ಸಾಲೂ ಸಿಗುವುದಿಲ್ಲ.

ಅದೇ 1931ರಲ್ಲಿ ಕಲ್ಕತ್ತೆಯಲ್ಲಿ ಇನ್ನೊಂದು ಹೆಜ್ಜೆ. ಕವಿರಾಜ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅಲ್ಲಿನ ವೈದ್ಯ ಪತ್ರಿಕೆಯೊಂದರಲ್ಲಿ ಇದನ್ನು ಹುಚ್ಚಿಗೂ ಅಧಿಕ ರಕ್ತದೊತ್ತಡಕ್ಕೂ ಹೊಸ ಭಾರತೀಯ ಔಷಧಿ ಎಂದು ವರದಿ ಮಾಡಿದರು. ಬೇರಿನ ಪುಡಿ 20ರಿಂದ 30 ಗ್ರೈನ್, ಅಂದರೆ ಒಂದೂಕಾಲರಿಂದ ಎರಡು ಗ್ರಾಂ, ದಿನಕ್ಕೆ ಎರಡು ಸಲ. ನಿದ್ದೆ ಬರುತ್ತದೆ, ರೋಗಿಯ ಆರ್ಭಟ ಇಳಿಯುತ್ತದೆ, ರಕ್ತದೊತ್ತಡವೂ ಇಳಿಯುತ್ತದೆ ಎಂದು ಬರೆದರು. ಗಣನಾಥ ಸೇನ್ ಸಂಸ್ಕೃತ ಬಲ್ಲ ಕವಿರಾಜರೂ ಹೌದು, ಆಧುನಿಕ ವೈದ್ಯ ಶಿಕ್ಷಣ ಪಡೆದವರೂ ಹೌದು. ಬಿಹಾರದ ‘ಹುಚ್ಚಿನ ಮದ್ದು’ ಮತ್ತು ಪಾದರಸದ ಅಳತೆ, ಎರಡೂ ಒಬ್ಬರ ಮೇಜಿನ ಮೇಲೆ ಭೇಟಿಯಾದದ್ದು ಹೀಗೆ. 1934ರಲ್ಲಿ ಹಿಮಾಲಯ ಕಂಪನಿ ಈ ಬೇರಿನಿಂದ ‘ಸರ್ಪಿನಾ’ ಮಾತ್ರೆ ಹೊರತಂದಿತು. ಬರ್ಮಾದ ಕಾಡಿನಲ್ಲಿ ಕೆರಳಿದ ಆನೆಗಳಿಗೆ ಜನ ಈ ಬೇರು ತಿನ್ನಿಸಿ ಶಾಂತಗೊಳಿಸುತ್ತಿದ್ದುದನ್ನು ಸ್ಥಾಪಕ ಎಂ. ಮನಾಲ್ ಕಂಡದ್ದೇ ಇದರ ಮೂಲವೆಂದು ಕಂಪನಿ ತಾನೇ ಹೇಳಿಕೊಳ್ಳುವ ಕಥೆ. ಡೆಹ್ರಾಡೂನಿನಲ್ಲಿ ಹುಟ್ಟಿದ ಆ ಕಂಪನಿ 1970ರ ದಶಕದಲ್ಲಿ ಬೆಂಗಳೂರಿಗೆ ಬಂತು. ಈಗ ಅದನ್ನು ಬೆಂಗಳೂರಿನದೆಂದೇ ತಿಳಿದವರು ಬಹಳ.

ಅಷ್ಟು ಹೊತ್ತಿಗೆ ಭಾರತದಲ್ಲಿ ಸಾವಿರಾರು ರೋಗಿಗಳು ಈ ಬೇರನ್ನು ಒಂದಲ್ಲ ಒಂದು ರೂಪದಲ್ಲಿ ನುಂಗುತ್ತಿದ್ದರು. ಪಶ್ಚಿಮಕ್ಕೆ ಅದು ಕೇಳಿಸಲಿಲ್ಲ. ಕೇಳಿಸಿದ್ದು 1949ರಲ್ಲಿ, ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 50 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ವರದಿಯನ್ನು ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದಾಗ. ವಕೀಲರ ಕೆಲಸ ಗಟ್ಟಿಯಾದದ್ದು, ಅನುಮಾನವಿಲ್ಲ. ಆದರೆ 1931ಕ್ಕೂ 1949ಕ್ಕೂ ನಡುವಿನ 18 ವರ್ಷಗಳನ್ನು ವಿವರಿಸುವುದು ಕೆಲಸದ ಗುಣಮಟ್ಟ ಮಾತ್ರವಲ್ಲ, ಪತ್ರಿಕೆಯ ವಿಳಾಸ ಕೂಡ. ಕಲ್ಕತ್ತೆಯಲ್ಲಿ ಅಚ್ಚಾದದ್ದು ಬಾಸ್ಟನ್ನಿನ ಗ್ರಂಥಾಲಯದ ಮೇಜಿಗೆ ಬರುವುದಿಲ್ಲ, ಲಂಡನ್ನಿನಲ್ಲಿ ಅಚ್ಚಾದದ್ದು ಬರುತ್ತದೆ. ಪಿಎಚ್.ಡಿ. ಮಾಡುತ್ತಿರುವ ನನ್ನಂಥವರಿಗೆ ಇದು ಹಳೆಯ ಕಾಲದ ಕಥೆಯಾಗಿ ಕೇಳಿಸುವುದಿಲ್ಲ. ಏನು ಬರೆದೆ ಎನ್ನುವುದಕ್ಕಿಂತ ಯಾವ ಜರ್ನಲ್ಲಿನಲ್ಲಿ ಬಂತು ಎಂಬ ಪ್ರಶ್ನೆ ಇಂದಿಗೂ ಮೊದಲು ಬರುತ್ತದೆ.

ಆಮೇಲಿನದು ಬಿರುಸು. ಬಾಸ್ಟನ್ನಿನಲ್ಲಿ ರಾಬರ್ಟ್ ವಿಲ್ಕಿನ್ಸ್ ಬೇರನ್ನು ತನ್ನ ರೋಗಿಗಳಿಗೆ ಕೊಟ್ಟು ನೋಡಿದರು. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಸೀಬಾ ಕಂಪನಿಯ ಮ್ಯೂಲರ್, ಶ್ಲಿಟ್‌ಲರ್, ಬೈನ್ 1952ರಲ್ಲಿ ಬೇರಿನ ಅಂಟುಭಾಗದಿಂದ ಒಂದು ಆಲ್ಕಲಾಯ್ಡ್ ತೆಗೆದರು. ನಿದ್ದೆ ತರುವ ಗುಣ ಆ ಅಂಟಿನಲ್ಲಿದೆ ಎಂಬ ಸುಳಿವು 1940ರ ದಶಕದ ಭಾರತೀಯ ಸಂಶೋಧಕರ ಬರಹಗಳಲ್ಲೇ ಇತ್ತು. ಹೊಸ ಪದಾರ್ಥದ ಹೆಸರು ‘ರಿಸರ್ಪಿನ್’, ಮಾರಾಟದ ಹೆಸರು ‘ಸರ್ಪಸಿಲ್’. ಎರಡು ಗ್ರಾಂ ಪುಡಿ ಮಾಡುತ್ತಿದ್ದ ಕೆಲಸಕ್ಕೆ ಈಗ ಮಿಲಿಗ್ರಾಮಿನ ಒಂದು ಪಾಲು ಸಾಕು. 1954ರಲ್ಲಿ ನ್ಯೂಯಾರ್ಕಿನ ರಾಕ್‌ಲೆಂಡ್ ಸ್ಟೇಟ್ ಆಸ್ಪತ್ರೆಯ ನೇಥನ್ ಕ್ಲೈನ್ ಮಾನಸಿಕ ರೋಗಿಗಳ ಮೇಲೆ ಇದರ ಪರಿಣಾಮ ವರದಿ ಮಾಡಿದರು. ವಾರ್ಡಿನ ಕಿಟಕಿಗಳಿಗೆ ಹೊಸ ಗಾಜು ಕೂರಿಸುವವನಿಗೆ ಕೆಲಸ ಕಡಿಮೆಯಾಯಿತು ಎಂಬುದು ಆ ಕಾಲದಿಂದ ಉಳಿದುಬಂದ ಕಥೆ. ನಮ್ಮ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಅಂದರೆ ಇಂದಿನ ನಿಮ್ಹಾನ್ಸ್‌ನ ಪೂರ್ವರೂಪ, ಶುರುವಾದದ್ದೂ ಅದೇ 1954ರಲ್ಲಿ. ಸರಪಳಿ, ಬೀಗ, ವಿದ್ಯುತ್ ಆಘಾತಗಳನ್ನು ದಾಟಿ ಗುಳಿಗೆಯಿಂದ ಮನಸ್ಸನ್ನು ಹಿಡಿಯಬಹುದು ಎಂಬ ಆಸೆ ಜಗತ್ತಿನಲ್ಲೆಲ್ಲ ಹುಟ್ಟಿದ್ದ ಹೊತ್ತು ಅದು. 1956ರಲ್ಲಿ ರಾಬರ್ಟ್ ವುಡ್‌ವರ್ಡ್ ಗಿಡದ ಹಂಗಿಲ್ಲದೆ ರಿಸರ್ಪಿನ್ ಅನ್ನು ಪ್ರಯೋಗಾಲಯದಲ್ಲೇ ಕಟ್ಟಿದರು. 1957ರ ಲಾಸ್ಕರ್ ಪ್ರಶಸ್ತಿ ಪಡೆದವರಲ್ಲಿ ಕ್ಲೈನ್ ಇದ್ದರು, ವಕೀಲ್ ಇದ್ದರು. ಭಾರತ ಸರ್ಕಾರ ಮರುವರ್ಷ ವಕೀಲರಿಗೆ ಪದ್ಮಭೂಷಣ ಕೊಟ್ಟಿತು.

ಸಂಭ್ರಮದ ಜೊತೆಯಲ್ಲೇ ಕೆಟ್ಟ ಸುದ್ದಿಯೂ ಬಂತು. ರಕ್ತದೊತ್ತಡಕ್ಕೆ ರಿಸರ್ಪಿನ್ ತೆಗೆದುಕೊಳ್ಳುತ್ತಿದ್ದ ಕೆಲವರು ಮಂಕಾದರು, ಊಟ ಮಾತು ಬಿಟ್ಟರು. 1954ರಿಂದಲೇ ಇಂಥ ವರದಿಗಳು ಅಚ್ಚಾದವು. ಈ ಔಷಧಿ ನರತುದಿಗಳಲ್ಲಿ ಸೆರೊಟೋನಿನ್, ಡೋಪಮಿನ್‌ನಂಥ ರಾಸಾಯನಿಕಗಳನ್ನು ಕೂಡಿಡುವ ಪುಟ್ಟ ಚೀಲಗಳನ್ನು ಬರಿದು ಮಾಡುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಖಿನ್ನತೆ ಎಂದರೆ ಈ ರಾಸಾಯನಿಕಗಳ ಕೊರತೆ ಎಂಬ, ಇಂದು ಎಲ್ಲರ ಬಾಯಲ್ಲಿರುವ ವಿವರಣೆ ಬೆಳೆದದ್ದು ಭಾಗಶಃ ಇಲ್ಲಿಂದ. ಆದರೆ 1955ರಲ್ಲೇ ಲಂಡನ್ನಿನ ಡೇವಿಸ್ ಮತ್ತು ಶೆಫರ್ಡ್ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆತಂಕ ಖಿನ್ನತೆಗಳಿಂದ ಬಳಲುವವರಿಗೆ ಅದೇ ರಿಸರ್ಪಿನ್ ಉಪಕಾರ ಮಾಡಿತ್ತು! ಆ ಲೇಖನ ಮೂಲೆ ಸೇರಿತು. ಚಂದದ ಸಿದ್ಧಾಂತಕ್ಕೆ ಅಡ್ಡಬರುವ ಪುರಾವೆಯನ್ನು ಯಾರೂ ಬಯಸುವುದಿಲ್ಲ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮಾತ್ರ ಬೇರೆ ದಾರಿ ಹಿಡಿದರು. ರಿಸರ್ಪಿನ್ ಕೊಟ್ಟಾಗ ಕುಸಿದು ಕೂತ ಮೊಲಗಳಿಗೆ 1957ರಲ್ಲಿ ಡೋಪಾ ಎಂಬ ಪದಾರ್ಥ ಕೊಟ್ಟರು, ಮೊಲಗಳು ಎದ್ದು ಓಡಾಡಿದವು. ಪಾರ್ಕಿನ್ಸನ್ ಕಾಯಿಲೆಗೆ ಇಂದು ಕೊಡುವ ಔಷಧಿಯ ಹಿಂದೆ ಈ ಮೊಲಗಳಿವೆ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ನಮ್ಮ ಹಿರಿಯರಿಗೆ ರಿಸರ್ಪಿನ್ ತಲುಪಿದ್ದು ‘ಅಡೆಲ್‌ಫೇನ್’ ಎಂಬ ಮಾತ್ರೆಯ ವೇಷದಲ್ಲಿ. ಎಷ್ಟೋ ಅಜ್ಜ ಅಜ್ಜಿಯರು “ಬೀಪಿ ಗುಳಿಗೆ” ಎಂದು ನುಂಗುತ್ತಿದ್ದದ್ದು ಅದನ್ನೇ. ಇಂಗ್ಲಿಷ್ ಔಷಧಿ ಬೇಡ, ನಾಟಿ ಮದ್ದೇ ಸರಿ ಎಂದು ಜಗಳವಾಡುತ್ತಿದ್ದವರೂ, ಅದರ ವಿರುದ್ಧ ವಾದಿಸುತ್ತಿದ್ದವರೂ ಒಂದೇ ಬೇರನ್ನು ತಿಂದಿರಬಹುದು. ಹೊಸ ಔಷಧಿಗಳು ಬಂದಮೇಲೆ ಅದು ಸದ್ದಿಲ್ಲದೆ ಹಿಂದೆ ಸರಿಯಿತು.

ಹಿಂದೆ ಸರಿಯದದ್ದು ಕಾಡಿನ ಅಗೆತ. ವುಡ್‌ವರ್ಡ್ ರಿಸರ್ಪಿನ್ ಕಟ್ಟಿದ್ದೇನೋ ನಿಜ, ಆದರೆ ಬೇರಿನಿಂದ ತೆಗೆಯುವುದೇ ಅಗ್ಗ. ಒಂದು ಕಿಲೋ ಒಣ ಬೇರಿನಲ್ಲಿ ಸಿಗುವ ರಿಸರ್ಪಿನ್ ಒಂದೆರಡು ಗ್ರಾಂ. ಎಲೆಯ ಮದ್ದಾದರೆ ಗಿಡ ಮತ್ತೆ ಚಿಗುರುತ್ತದೆ, ಹಣ್ಣಿನದಾದರೆ ಮರುವರ್ಷಕ್ಕೆ ಕಾಯಬಹುದು. ಬೇರಿನ ಮದ್ದೆಂದರೆ ಗಿಡದ ಕಥೆ ಮುಗಿಯಿತು. ಒಂದೂವರೆ ಎರಡು ವರ್ಷವಾದರೂ ಬೆಳೆಯದೆ ಬೇರು ದಪ್ಪವಾಗುವುದಿಲ್ಲ, ಬೀಜ ಸರಿಯಾಗಿ ಮೊಳೆಯುವುದಿಲ್ಲ. ಬೆಳೆದು ಮಾರುವ ರೈತನಿಗಿಂತ ಕಾಡಿನಲ್ಲಿ ಅಗೆದು ತರುವವನಿಗೆ ಖರ್ಚು ಕಡಿಮೆ. ಹಾಗೆ ಅಗೆಯುವ ಬಡವನಿಗೆ ಸಿಗುವುದು ಸರಪಳಿಯ ಕೊನೆಯ ಕಾಸು ಎಂಬುದು ಬೇರೆ ಮಾತು. ಭಾರತದ ಬೇರಿಗೆ ನಿರ್ಬಂಧ ಬಂದಾಗ ಕಂಪನಿಗಳು ಇದೇ ಕುಲದ ಆಫ್ರಿಕದ ಮರವೊಂದರತ್ತ ತಿರುಗಿದವು. 1990ರಿಂದ ಸರ್ಪಗಂಧ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಕರ್ನಾಟಕದಲ್ಲೂ 1990ರ ದಶಕದಲ್ಲಿ ಅರಣ್ಯ ಇಲಾಖೆ ಮತ್ತು ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಸೇರಿ ಔಷಧ ಸಸ್ಯಗಳಿಗೆಂದೇ ಕೆಲವು ಕಾಡಿನ ತುಂಡುಗಳನ್ನು ಗುರುತಿಸಿ ಕಾಯತೊಡಗಿದರು.

ಸರಕು ಕಡಿಮೆಯಾದಾಗ ಕಲಬೆರಕೆ ಬರುತ್ತದೆ. ದಕ್ಷಿಣ ಭಾರತದ ಮಾರುಕಟ್ಟೆಗೆ ಬರುವ ಸರ್ಪಗಂಧದ ಬೇರಿನಲ್ಲಿ ಬೆರೆಯುವ ಗಿಡಗಳಲ್ಲಿ ಒಂದು ‘ರೌವೊಲ್ಫಿಯಾ ಟೆಟ್ರಾಫಿಲ್ಲಾ’. ಸುತ್ತಲೂ ನಾಲ್ಕು ನಾಲ್ಕು ಎಲೆ ಬಿಡುವ, ಅಲಂಕಾರಕ್ಕೆಂದು ಅಮೆರಿಕದಿಂದ ಬಂದು ಈಗ ನಮ್ಮ ತೋಟದಂಚು, ರಸ್ತೆಬದಿಗಳಲ್ಲಿ ತಾನೇ ಹರಡಿಕೊಂಡಿರುವ ಪೊದೆ. ಪ್ಲೂಮಿಯೆ 1703ರಲ್ಲಿ ಹೆಸರಿಟ್ಟ ಕುಲಕ್ಕೆ ಮಾದರಿ ಗಿಡ ಇದೇ.

ಕಳೆದ ವರ್ಷ ಒಂದು ಔಷಧಿ ವನಕ್ಕೆ ಸರ್ಪಗಂಧ ನೋಡಲೆಂದೇ ಹೋಗಿದ್ದೆ. ಹಸಿರು ಬಣ್ಣದ ತಗಡಿನ ಬೋರ್ಡು ಇತ್ತು: ಲ್ಯಾಟಿನ್ ಹೆಸರು, ಸಂಸ್ಕೃತ ಹೆಸರು, ಕನ್ನಡ ಹೆಸರು, ‘ಉಪಯೋಗ: ರಕ್ತದೊತ್ತಡ, ಹಾವಿನ ಕಡಿತ, ನಿದ್ರಾಹೀನತೆ’. ಅದರ ಹಿಂದಿದ್ದ ಗಿಡದ ಗೆಣ್ಣಿಗೆ ನಾಲ್ಕು ಎಲೆ. ಫೋಟೊ ತೆಗೆಯದೆ ಸುಮ್ಮನೆ ನಿಂತದ್ದನ್ನು ಕಂಡು, ನೀರು ಬಿಡುತ್ತಿದ್ದ ವಯಸ್ಸಾದ ಮಾಲಿ ಹತ್ತಿರ ಬಂದರು. “ಇದು ಅದಲ್ಲ ಅಲ್ವಾ ಯಜಮಾನ್ರೇ?” ಎಂದೆ. ಅವರು ಸುತ್ತ ನೋಡಿ ನಕ್ಕರು. “ಬೋರ್ಡು ಹಾಕಿದ್ದೇ ತಪ್ಪಾಯ್ತು ಮೇಡಂ. ಓದ್ಕೊಂಡು ಬಂದೋರೆಲ್ಲ ಬೇರು ಸಮೇತ ಕಿತ್ಕೊಂಡು ಹೋಗೋರು. ಮೂರು ಸಲ ನೆಟ್ಟೆ. ಆಮೇಲೆ ಬೋರ್ಡ್ ತಂದು ಇಲ್ಲಿಗೆ ನೆಟ್ಬಿಟ್ಟೆ.”

ನಿಜವಾದದ್ದು ಎಲ್ಲಿದೆ ಎಂದು ಕೇಳಿದೆ. ಅವರು ಮೊದಲು ನನ್ನ ಚೀಲ ನೋಡಿದರು, ಆಮೇಲೆ ಕೈ ನೋಡಿದರು. ಆಮೇಲೆ ಪೈಪನ್ನು ಕೆಳಗಿಟ್ಟು, ಹೆಸರಿಲ್ಲದ ಗಿಡಗಳ ಒಂದು ಸಾಲಿನ ಕಡೆ ಕರೆದುಕೊಂಡು ಹೋದರು.